ಐಎಎಸ್‌ಗೆ ಎಚ್‌ಇಪಿಯೇ ಬೇಕೇನ್ರೀ? ಮತ್ತೊಮ್ಮೆ ಉತ್ತರ

ಪ್ರಶ್ನೆ: ಸರ್, ಮಗಳು ಆರ್ಟ್ಸ್‌ನಲ್ಲಿ ಪಿಯುಸಿ ಪಾಸಾಗಿದ್ದಾಳೆ. ರಾಣೆಬೆನ್ನೂರಿನಿಂದ ಧಾರವಾಡಕ್ಕೆ ಬಿಎ ಓದಲು ಕಳಿಸುತ್ತಿದ್ದೇವೆ. ಸಮಾಜಶಾಸ್ತ್ರ, ಕನ್ನಡ ಅವಳಿಗೆ ಇಷ್ಟ. ಆದರೆ ಐಎಎಸ್, ಕೆಎಎಸ್ ಬರೆಯುವುದಿದ್ದರೆ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತಗೊಳ್ಳಲೇಬೇಕು ಅಂತಾರೆ. ಏನು ಮಾಡೋಣ?

ಉತ್ತರ: ಸಮಾಜಶಾಸ್ತ್ರ, ಕನ್ನಡ ಕೊಡಿಸಿರಿ.

ಅಡ್ಮಿಷನ್ ಶುರುವಾದರೆ ಸಾಕು, ಇದೇ ಪ್ರಶ್ನೆ. ಪ್ರತಿ ವರ್ಷ ಹೇಳಿದ್ದನ್ನೇ ಹೇಳುತ್ತೇನೆ: ಐಎಎಸ್ ಪರೀಕ್ಷೆ ನಡೆಸುವ ಯುಪಿಎಸ್‌ಸಿ ಕೇಳುವುದು ಒಂದು ಪದವಿ, ಅಷ್ಟೇ. ಯಾವ ವಿಷಯದ್ದು ಎಂದು ಕೇಳುವುದಿಲ್ಲ. ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ ಜಿಎಸ್‌ನಲ್ಲಿ (ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ) ಬರುತ್ತವೆ, ನಿಜ; ಈ ಎಚ್‌ಇಪಿ ಪುರಾಣ ಹುಟ್ಟಿದ್ದು ಅಲ್ಲಿಂದಲೇ. ಹಾಗಾದರೆ ಭೂಗೋಳ, ಪರಿಸರ, ವಿಜ್ಞಾನ, ನೀತಿಶಾಸ್ತ್ರ? ಅವೂ ಅದೇ ಜಿಎಸ್‌ನಲ್ಲಿವೆ. ಮೂರು ವಿಷಯ ಬಿಎದಲ್ಲಿ ಓದಿದವರೂ ಉಳಿದದ್ದನ್ನು ಹೊಸದಾಗಿಯೇ ಓದಬೇಕು.

ಇನ್ನು ಆಪ್ಷನಲ್, ಅಂದರೆ ಅಭ್ಯರ್ಥಿ ತಾನೇ ಆರಿಸಿಕೊಳ್ಳುವ ಐಚ್ಛಿಕ ವಿಷಯ. ಮುಖ್ಯ ಪರೀಕ್ಷೆಯ ಬರವಣಿಗೆಯಲ್ಲಿ ಲೆಕ್ಕಕ್ಕೆ ಬರುವ 1750 ಅಂಕಗಳಲ್ಲಿ ಅದಕ್ಕಿರುವುದು 500. ಪದವಿಯಲ್ಲಿ ಓದಿದ ವಿಷಯವೇ ಆಗಬೇಕೆಂಬ ನಿಯಮವಿಲ್ಲ. ನಿಮ್ಮ ಮಗಳ ಸಮಾಜಶಾಸ್ತ್ರವೂ ಆ ಪಟ್ಟಿಯಲ್ಲಿದೆ, ಕನ್ನಡ ಸಾಹಿತ್ಯವೂ ಇದೆ! ಕೆಎಎಸ್ ಮುಖ್ಯ ಪರೀಕ್ಷೆಯಲ್ಲಂತೂ ಈಗ ಆಪ್ಷನಲ್ಲೇ ಇಲ್ಲ. ಒಂದು ಸಂಜೆ ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳ ಕಡೆ ಅಡ್ಡಾಡಿ ಬನ್ನಿರಿ. ಬಿಎಸ್ಸಿ ಅಗ್ರಿ ಮುಗಿಸಿದವರು, ಇಂಜಿನಿಯರಿಂಗ್ ಮಾಡಿದವರು ಎಲ್ಲರೂ ಸಿಗುತ್ತಾರೆ. ಅವರಾರೂ ಎಚ್‌ಇಪಿ ಓದಿದವರಲ್ಲ.

ಮನಸ್ಸಿಲ್ಲದ ಅರ್ಥಶಾಸ್ತ್ರ ಹಿಡಿದು, ಎರಡನೇ ಸೆಮಿಸ್ಟರಿಗೇ ಬ್ಯಾಕ್ ಉಳಿಸಿಕೊಂಡು ಕೂತವರನ್ನು ಕ್ಲಾಸಿನಲ್ಲಿ ಬಹಳ ಕಂಡಿದ್ದೇನೆ. ಡಿಗ್ರಿಯೇ ಮುಗಿಯದಿದ್ದರೆ ಐಎಎಸ್ ಎಲ್ಲಿಂದ ಬರಬೇಕು?

ವಿಷಯದ ಆಯ್ಕೆ ನಿಜವಾಗಿ ಅಡ್ಡ ಬರುವುದು ಮೇಷ್ಟರಾಗುವವರಿಗೆ. ಪಿಯು ಉಪನ್ಯಾಸಕರಾಗಲು ಆ ವಿಷಯದಲ್ಲೇ ಎಂಎ ಬೇಕು, ಬಿಎಡ್ಡೂ ಬೇಕು. ಆ ಎಂಎಗೆ ಸೀಟು ಕೇಳುವಾಗ ಬಿಎದಲ್ಲಿ ಏನು ಓದಿದ್ದೀರಿ ಎಂದು ಸಾಮಾನ್ಯವಾಗಿ ನೋಡುತ್ತಾರೆ. ಮಗಳಿಗೆ ಆ ಆಸೆಯೂ ಇದ್ದರೆ ಈಗಲೇ ಕೂತು ಮಾತಾಡಿರಿ.

ನೀವು ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ, ಯಾರೂ ಕೇಳುವುದಿಲ್ಲ: ಭಾಷೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನದಲ್ಲೂ ಕನ್ನಡ ಮಾತಾಡಬಹುದು. ಆದರೆ ಅದಕ್ಕೂ ಮೊದಲು ಪಾಸಾಗಬೇಕಾದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಹುಡುಗರು ಮುಗ್ಗರಿಸುವುದು ಅಲ್ಲಿ. ಅದಕ್ಕೇ ಹೇಳುತ್ತೇನೆ, ಮೊದಲ ವರ್ಷದಿಂದಲೇ ದಿನಕ್ಕೊಂದು ಇಂಗ್ಲಿಷ್ ನ್ಯೂಸ್‌ಪೇಪರ್ ಮುಂದಿಟ್ಟುಕೊಂಡು ಒಂದು ತಾಸು ಓದಲಿ. ಮಗಳು ಹಾಸ್ಟೆಲಿನಲ್ಲಿರುತ್ತಾಳಾ, ಬಂಧುಗಳ ಮನೆಯಲ್ಲಾ? ಬಂಧುಗಳ ಮನೆಯಾದರೆ ಪೇಪರ್ ಹಾಕಿಸಲು ಈಗಲೇ ಹೇಳಿಬಿಡಿರಿ.