ಮೇಲ್ಮೈ ಅಂದರೆ ಎಷ್ಟು ಆಳ?

ತಗಡಿಗೆ ಬಳಿದ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ ಅಂದುಕೊಳ್ಳಿ. ಹೊಮ್ಮುವ ಎಕ್ಸ್‌ರೇ ನೋಡಿ ಧಾತು ಗುರುತಿಸುವ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಇಡಿಎಸ್‌ನಲ್ಲಿ ನೋಡಿದರೆ ಬರೀ ಲೋಹ ಕಾಣುತ್ತದೆ. ಅದೇ ತುಂಡನ್ನು, ಎಕ್ಸ್‌ರೇ ಹಾಯಿಸಿ ಹೊರಬರುವ ಎಲೆಕ್ಟ್ರಾನ್ ಅಳೆಯುವ ಎಕ್ಸ್‌ಪಿಎಸ್‌ಗೆ ಹಾಕಿದರೆ ಬಣ್ಣ ಅಂಟಲು ಬಿಡದ ಸಿಲಿಕೋನ್ ಎಣ್ಣೆಯ ತೆಳು ಪದರ ಸಿಕ್ಕಿಬೀಳಬಹುದು. ಎರಡೂ ಹೇಳುವುದು ನಿಜವನ್ನೇ. ಇಡಿಎಸ್ ಸುಮಾರು ಒಂದು ಮೈಕ್ರೋಮೀಟರ್ ಆಳದವರೆಗೂ ನೋಡುತ್ತದೆ. ಎಕ್ಸ್‌ಪಿಎಸ್‌ ನೋಟ ಮೇಲಿನ 10 ನ್ಯಾನೋಮೀಟರ್‌ಗೇ ಮುಗಿಯುತ್ತದೆ. ಹತ್ತಿರ ಹತ್ತಿರ ನೂರು ಪಟ್ಟು ವ್ಯತ್ಯಾಸ, ಅಲ್ವಾ?

ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಏಕೆ ಹೊರಬರುತ್ತದೆ ಎಂದು ಐನ್‌ಸ್ಟೈನ್ 1905ರಲ್ಲೇ ವಿವರಿಸಿದ್ದರು. ಎಕ್ಸ್‌ರೇ ಹಾಯಿಸಿ, ಹೊರಬಿದ್ದ ಎಲೆಕ್ಟ್ರಾನಿನ ಶಕ್ತಿಯನ್ನು ನಿಖರವಾಗಿ ಅಳೆಯುವ ದಾರಿ ತೋರಿಸಿದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ ಕೈ ಸೀಗ್ಬಾನ್, 1950ರ ದಶಕದಲ್ಲಿ. ಅದೇ ಎಕ್ಸ್‌ಪಿಎಸ್. 1981ರಲ್ಲಿ ಅವರಿಗೆ ನೊಬೆಲ್ ಬಂತು. ಮೊದಲಿಗೆ ಅವರ ಗಮನ ಮೇಲ್ಮೈ ಮೇಲಿರಲಿಲ್ಲ, ಎಲೆಕ್ಟ್ರಾನನ್ನು ಪರಮಾಣು ಹಿಡಿದಿಟ್ಟಿರುವ ಬಂಧನಶಕ್ತಿಯ ಮೇಲಿತ್ತು. ಆದರೆ ಆಳದಲ್ಲಿ ಹುಟ್ಟಿದ ಎಲೆಕ್ಟ್ರಾನ್ ದಾರಿಯಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಶಕ್ತಿ ಉಳಿಸಿಕೊಂಡು ಬರುವುದು ಮೇಲಿನ ಪದರದ್ದು ಮಾತ್ರ.

ಸಿಲಿಕಾನ್ ಬಿಲ್ಲೆಯೊಂದನ್ನು ಎಕ್ಸ್‌ಪಿಎಸ್‌ನಲ್ಲಿಟ್ಟು ನೋಡಿ. ಬಂಧನಶಕ್ತಿಯ ಅಳತೆಯಲ್ಲಿ 99 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದು ಪೀಕ್, 103ರ ಹತ್ತಿರ ಇನ್ನೊಂದು, ಚಿಕ್ಕದು. ಎರಡೂ ಸಿಲಿಕಾನೇ. ಚಿಕ್ಕದು ಆಮ್ಲಜನಕದ ಜೊತೆ ಸೇರಿದ್ದು, ಗಾಳಿ ತಾಗಿ ಸುಮ್ನೆ ಬೆಳೆದ ಆಕ್ಸೈಡ್. ಧಾತು ಯಾವುದು ಎನ್ನುವುದರ ಜೊತೆಗೆ ಅದು ಯಾವ ಸ್ಥಿತಿಯಲ್ಲಿದೆ ಎಂದೂ ತಿಳಿಯುವುದು ನನಗೆ ಇವತ್ತಿಗೂ ಬೆರಗು.

ಮೇಲ್ಮೈ ನೋಡುವ ಇನ್ನೊಂದು ದಾರಿ ಓಜೆ ವಿಧಾನ. ಪರಮಾಣುವಿನ ಒಳಗೆ ಖಾಲಿಯಾದ ಜಾಗಕ್ಕೆ ಒಂದು ಎಲೆಕ್ಟ್ರಾನ್ ಇಳಿದಾಗ, ಆ ಶಕ್ತಿಯಿಂದ ಮತ್ತೊಂದು ಎಲೆಕ್ಟ್ರಾನ್ ಹೊರಚಿಮ್ಮುತ್ತದೆ. ಅದನ್ನೇ ಇಲ್ಲಿ ಅಳೆಯುವುದು. ಇದರ ಕಥೆಯಲ್ಲಿ ಒಂದು ನೋವಿದೆ. ಆ ಪರಿಣಾಮವನ್ನು ಭೌತವಿಜ್ಞಾನಿ ಲೀಸ್ ಮೈಟ್ನರ್ ಕೂಡ ಪಿಯೆರ್ ಓಜೆಗಿಂತ ಸ್ವಲ್ಪ ಮೊದಲೇ, 1920ರ ದಶಕದ ಆರಂಭದಲ್ಲಿ ಗುರುತಿಸಿದ್ದರು. ಹೆಸರು ಉಳಿದದ್ದು ಓಜೆಯದು. 1960ರ ದಶಕದ ಕೊನೆಗೆ ಇದು ಮೇಲ್ಮೈ ಪರೀಕ್ಷೆಗೆ ಬಳಕೆಗೆ ಬಂತು. ಬಹಳ ಚಿಕ್ಕ ಜಾಗ ನೋಡಬೇಕಾದರೆ ಇದೇ ಸರಿ. ಆದರೆ ವಿದ್ಯುತ್ ಹರಿಯದ ವಸ್ತುವಿನಲ್ಲಿ ಚಾರ್ಜ್ ತುಂಬಿಕೊಂಡು ತೊಂದರೆ ಕೊಡುತ್ತದೆ.

ಇವಕ್ಕೆಲ್ಲ ನಿರ್ವಾತ ಬೇಕು. ಚದುರಿದ ಬೆಳಕಿನ ಬಣ್ಣ ಬದಲಾಗುವ 1928ರ ರಾಮನ್ ಪರಿಣಾಮಕ್ಕೆ ನಿರ್ವಾತವೇ ಬೇಡ, ಅಣುಬಂಧಗಳ ಗುರುತು ಸಿಗುತ್ತದೆ. ಆದರೆ ಬೆಳಕು ಒಳಗಿಳಿಯುತ್ತದೆ, ಮೇಲಿನ ಪದರದ ಸದ್ದು ಅಡಗಿಹೋಗುತ್ತದೆ. 1974ರಲ್ಲಿ ಒರಟು ಬೆಳ್ಳಿಯ ಮೇಲಿನ ಪಿರಿಡಿನ್ ಎಂಬ ರಾಸಾಯನಿಕ ಜಾಸ್ತಿ ಬಲದ ಸಂಕೇತ ಕೊಟ್ಟ ಮೇಲೆ ಆ ಕೊರತೆಗೂ ಒಂದು ದಾರಿ ತೆರೆಯಿತು.

ಹಾಗಾಗಿ ಉಪಕರಣದ ಹೆಸರಿಗಿಂತ ಮೊದಲು ಆಳ ಕೇಳಿ. ಆಮೇಲೆ ಬೇಕಿರುವುದು ಧಾತುವೋ ಬಂಧವೋ, ಮಾದರಿ ನಿರ್ವಾತ ತಾಳುತ್ತದೋ ಎಂದು. ಮಾದರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡೇ 10 ನ್ಯಾನೋಮೀಟರನ್ನು ತುಂಬಿಬಿಡಬಹುದು.