ಇಸ್ತಾಂಬುಲ್ ಬೆಕ್ಕುಗಳ ಇತಿಹಾಸ: ನನ್ನ ಓದಿನ ನೋಟ್ಸ್

ನಾನು ಇಸ್ತಾಂಬುಲ್ ಬಗ್ಗೆ ಓದೋಕೆ ಕೂತಿದ್ದು ಬೈಜಾಂಟೈನ್ (1453ರ ತನಕ ಆ ಊರು ಆಳಿದ ಕ್ರೈಸ್ತ ಸಾಮ್ರಾಜ್ಯ), ಒಟ್ಟೋಮನ್ (ಆಮೇಲೆ ಆಳಿದ ಮುಸ್ಲಿಂ ತುರ್ಕರ ಸಾಮ್ರಾಜ್ಯ) ಚಾಪ್ಟರ್‌ಗೋಸ್ಕರ, ಆದ್ರೆ ಆ ಊರಿನ ಯಾವ ಫೋಟೋ ತೆಗೆದ್ರೂ ಬೆಕ್ಕು, ಮಸೀದಿ ಮೆಟ್ಟಿಲ ಮೇಲೆ, ಅಂಗಡಿ ಬಾಗಿಲಲ್ಲಿ, ನಿಲ್ಸಿರೋ ಬೈಕ್ ಸೀಟ್ ಮೇಲೆ. ಯಾಕಪ್ಪಾ ಇಷ್ಟೊಂದು ಅಂತ ಕೇಳಿದ್ರೆ ಸುಮಾರು ಜನ "ಇಸ್ಲಾಂನಲ್ಲಿ ಬೆಕ್ಕಿಗೆ ಮರ್ಯಾದೆ ಇದೆ, ಅದಕ್ಕೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಅದು ಸುಳ್ಳಲ್ಲ, ಅರ್ಧ ಉತ್ತರ ಅಷ್ಟೇ. ನಾನು ಓದಿ ಅರ್ಥ ಮಾಡ್ಕೊಂಡಿದ್ದು ಏನಂದ್ರೆ ಬೆಕ್ಕನ್ನ ಆ ಊರಿಗೆ ಕರ್ಕೊಂಡು ಬಂದಿದ್ದು ಬಂದರು ಮತ್ತೆ ಕಾಳು, ಧರ್ಮ ಆಮೇಲೆ ಬಂದು ಮನೆ ಬಾಗಿಲು ತೆರೀತು. ಈ ಕ್ರಮ ತಲೇಲಿ ಕೂತ್ರೆ ಉಳಿದಿದ್ದೆಲ್ಲಾ ಸುಲಭ.

ಮೊದ್ಲು ಕಾಳಿನ ಕಥೆ. ಮನೆ ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾ ಕಡೆ ಇರೋ ಒಂದು ಕಾಡುಬೆಕ್ಕು. ಸುಮಾರು 10,000 ವರ್ಷದ ಹಿಂದೆ ಜನ ಬೇಸಾಯ ಮಾಡಿ ಕಾಳು ಕೂಡಿಡೋಕೆ ಶುರು ಮಾಡಿದ್ರು, ಕಾಳಿಗೆ ಇಲಿ ಬಂತು, ಇಲಿ ಹಿಂದೆ ಬೆಕ್ಕು ತಾನಾಗೇ ಬಂತು, ಯಾರೂ ಕೆಲ್ಸಕ್ಕೆ ಅಂತ ಪಳಗಿಸಿದ್ದಲ್ಲ. ಸೈಪ್ರಸ್‌ನಲ್ಲಿ ಸುಮಾರು 9,500 ವರ್ಷ ಹಳೇ ಗೋರಿ ಹತ್ರ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕು ಸಿಕ್ಕಿದೆ. ಸೈಪ್ರಸ್ ದ್ವೀಪ, ಅಲ್ಲಿ ಕಾಡುಬೆಕ್ಕು ಇರ್ಲೇ ಇಲ್ಲ, ಅಂದ್ರೆ ದೋಣೀಲಿ ಹಾಕ್ಕೊಂಡು ಹೋಗಿದ್ದಾರೆ ಅಂತಾಯ್ತು. ಈ ದೋಣಿ ವಿಷ್ಯ ಮರೀಬೇಡಿ.

ಈಗ ಇಸ್ತಾಂಬುಲ್‌ಗೆ ಬನ್ನಿ. 330ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಇದನ್ನ ರಾಜಧಾನಿ ಮಾಡಿದ ಮೇಲೆ ಊರು ಬೆಳೀತು, ಅಷ್ಟು ಜನಕ್ಕೆ ಬ್ರೆಡ್ ಬೇಕಲ್ಲ, ಗೋಧಿ ಈಜಿಪ್ಟ್‌ನಿಂದ ಹಡಗಲ್ಲಿ ಬರ್ತಿತ್ತು. ಹಡಗು, ಗೋಧಿ, ಗೋಡೌನ್ ಮೂರೂ ಇದ್ದ ಕಡೆ ಇಲಿಗೆ ಹಬ್ಬ, ಬೆಕ್ಕಿಗೂ ಹಬ್ಬ. 2004ರಲ್ಲಿ ಯೆನಿಕಾಪಿ ಅನ್ನೋ ಜಾಗದಲ್ಲಿ ರೈಲು ಸ್ಟೇಷನ್‌ಗೆ ಅಗೆಯೋಕೆ ಹೋದಾಗ ಹೂತುಹೋಗಿದ್ದ ಹಳೇ ಬಂದರೇ ಸಿಕ್ತು, 37 ಹಡಗಿನ ಅವಶೇಷ, ಜೊತೆಗೆ ರಾಶಿ ರಾಶಿ ಪ್ರಾಣಿ ಮೂಳೆ. ಹೆಚ್ಚಿನವು ಕುದುರೆದು, ಆದ್ರೆ ಅದ್ರಲ್ಲಿ ಬೆಕ್ಕಿನ ಮೂಳೆನೂ ಇದ್ವು. ಇವು ಬೈಜಾಂಟೈನ್ ಕಾಲದ್ದು, ಅಂದ್ರೆ 1453ರಲ್ಲಿ ಒಟ್ಟೋಮನ್ನರು ಊರು ಗೆಲ್ಲೋಕೆ ಎಷ್ಟೋ ಮೊದ್ಲೇ ಬೆಕ್ಕು ಅಲ್ಲಿ ಠಿಕಾಣಿ ಹೂಡಿತ್ತು. ನಾನು ಮೇಲೆ "ಅರ್ಧ ಉತ್ತರ" ಅಂದಿದ್ದು ಇದಕ್ಕೇ.

ಇನ್ನು ಧರ್ಮದ ಭಾಗ, ನಂಗೆ ತುಂಬಾ ಇಷ್ಟ ಆಗಿದ್ದು ಇದು. ನಮ್ಮ ಕಡೆ ಮಡಿ-ಮೈಲಿಗೆ ಅಂತೀವಲ್ಲ, ಅದೇ ಥರ ಯೋಚ್ನೆ ಮಾಡಿದ್ರೆ ಬೇಗ ತಲೆಗೆ ಹೋಗುತ್ತೆ. ಪ್ರಾರ್ಥನೆಗೆ ಮುಂಚೆ ಕೈಕಾಲು ಮುಖ ತೊಳ್ಯೋ ನೀರು, ಅಂದ್ರೆ ವುಝೂ ನೀರು, ಶುದ್ಧ ಇರ್ಬೇಕು. ಒಂದು ಹದೀಸ್‌ನಲ್ಲಿ (ಪ್ರವಾದಿ ಮುಹಮ್ಮದರ ಮಾತು, ನಡೆ ಬಗ್ಗೆ ಉಳಿದುಬಂದಿರೋ ವರದಿ) ಅವ್ರ ಸಂಗಾತಿ ಅಬೂ ಕತಾದಾ ಅನ್ನೋರಿಗೆ ಸೊಸೆ ವುಝೂಗೆ ನೀರು ತಂದಿಡ್ತಾಳೆ, ಅಷ್ಟರಲ್ಲಿ ಒಂದು ಬೆಕ್ಕು ಬರುತ್ತೆ, ಅವ್ರು ಅದನ್ನ ಓಡಿಸೋ ಬದ್ಲು ಪಾತ್ರೆನ ಅದ್ರ ಕಡೆ ಬಗ್ಗಿಸಿ ಹಿಡ್ಕೋತಾರೆ, ಅದು ಕುಡಿದು ಮುಗಿಸೋ ತನಕ. ಸೊಸೆ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡ್ತಾ ನಿಂತಿರ್ತಾಳೆ. ಆಗ ಅವ್ರು, ಬೆಕ್ಕು ಅಶುದ್ಧ ಅಲ್ಲ, ನಿಮ್ಮ ನಡುವೆನೇ ಓಡಾಡ್ಕೊಂಡಿರೋ ಜೀವ ಅದು ಅಂತ ಪ್ರವಾದಿಗಳು ಹೇಳಿದಾರೆ ಅಂತಾರೆ. ಅದೇ ನಾಯಿ ಬಾಯಿ ಹಾಕಿದ ಪಾತ್ರೆ ಏಳು ಸಲ ತೊಳೀಬೇಕು ಅಂತ ಇನ್ನೊಂದು ಹದೀಸ್ ಇದೆ. ಇಷ್ಟೇ ವ್ಯತ್ಯಾಸ, ಆದ್ರೆ ಇದ್ರಿಂದ ಬೆಕ್ಕು ಮಸೀದಿ ಒಳಗೆ, ಅಡುಗೆಮನೆ ಒಳಗೆ ಬಂತು, ನಾಯಿ ಬೀದೀಲೇ ಉಳೀತು.

ಬೀದೀಲಿದ್ರೂ ಒಟ್ಟೋಮನ್ ಕಾಲದ ಜನ ಎರಡಕ್ಕೂ ಅನ್ನ ಹಾಕ್ತಿದ್ರು. ಮಾಂಜಾಜಿ ಅಂತ ಒಂದು ಕಸುಬೇ ಇತ್ತು, ಲಿವರ್, ಶ್ವಾಸಕೋಶ ಥರದ ಮಾಂಸದ ತುಂಡು ಹೊತ್ಕೊಂಡು ಬೀದಿ ಬೀದಿ ತಿರುಗೋರು, ಪುಣ್ಯಕ್ಕೆ ಅಂತ ಜನ ದುಡ್ಡು ಕೊಟ್ಟು ಬೆಕ್ಕು ನಾಯಿಗೆ ಹಾಕಿಸೋರು. ಅಲ್ಲಿಗೆ ಬೆಕ್ಕು ಯಾರ ಮನೇದೂ ಅಲ್ಲ, ಇಡೀ ಕೇರಿದು ಅನ್ನೋ ಹಾಗಾಯ್ತು.

ಒಂದು ಕಡೆ ಎಲ್ರೂ ಎಡವ್ತಾರೆ, ಗಮನ ಕೊಡಿ. 2017ರಲ್ಲಿ 200ಕ್ಕೂ ಹೆಚ್ಚು ಪ್ರಾಚೀನ ಬೆಕ್ಕುಗಳ ಡಿಎನ್ಎ ಸ್ಟಡಿ ಬಂತು. ಪಕ್ಕೇಲಿ ಪಟ್ಟೆ ಬದ್ಲು ಸುರುಳಿ ಸುರುಳಿ ಮಚ್ಚೆ ಇರೋ ಬೆಕ್ಕು ನೋಡಿರ್ತೀರಲ್ಲ, ಆ ಮಚ್ಚೆಯ ಜೀನ್ ಮೊದ್ಲು ಕಾಣಿಸ್ಕೊಂಡಿದ್ದು 14ನೇ ಶತಮಾನದಲ್ಲಿ, ಒಟ್ಟೋಮನ್ ಸೀಮೇಲಿ. ಇದನ್ನ "ಇಸ್ತಾಂಬುಲ್‌ನಲ್ಲಿ ಹುಟ್ಟಿದ ಮಚ್ಚೆ" ಅಂತ ಬರೀಬೇಡಿ, ಆಗಿನ್ನೂ ಇಸ್ತಾಂಬುಲ್ ಒಟ್ಟೋಮನ್ನರ ಕೈಗೇ ಬಂದಿರ್ಲಿಲ್ಲ!

1910ರದ್ದು ಓದೋಕೇ ಸಂಕಟ ಆಗುತ್ತೆ. ಊರನ್ನ ಯೂರೋಪ್ ಥರ ಮಾಡ್ತೀವಿ ಅಂತ ಹೊರಟ ಆಡಳಿತ ಹತ್ತಾರು ಸಾವಿರ ಬೀದಿ ನಾಯಿಗಳನ್ನ ಹಿಡಿದು ಮಾರ್ಮರ ಸಮುದ್ರದ ಸಿವ್ರಿಯಾದಾ ಅನ್ನೋ ಬೋಳು ಬಂಡೆ ದ್ವೀಪಕ್ಕೆ ಸಾಗಿಸ್ತು, ಕುಡಿಯೋಕೆ ನೀರಿಲ್ಲ, ತಿನ್ನೋಕೆ ಏನಿಲ್ಲ, ಹಸಿವು ಬಾಯಾರಿಕೆಯಿಂದ ಒಂದನ್ನೊಂದು ಕಿತ್ಕೊಂಡು ತಿಂದು ಸತ್ವು. ಬೆಕ್ಕುಗಳಿಗೆ ಹೀಗೆ ಆಗ್ಲಿಲ್ಲ. ನಂಗೆ ಅನ್ಸೋದು, ನಾಯಿ ಗುಂಪಾಗಿ ಬೀದೀಲಿ ಕಣ್ಣಿಗೆ ಬೀಳುತ್ತೆ, ಬೆಕ್ಕು ಅಷ್ಟೊತ್ತಿಗಾಗ್ಲೇ ಗೋಡೆ ಹಾರಿ ಯಾರ್ದೋ ಅಂಗಳ ಸೇರಿರುತ್ತೆ, ಹಿಡಿಯೋಕೆ ಬಂದ್ರೆ ಮನೆಯವ್ರು ಬಿಡ್ಬೇಕಲ್ಲ.

2004ರಲ್ಲಿ ಬಂದ ಟರ್ಕಿಯ 5199ನೇ ನಂಬರ್ ಕಾನೂನು ಬೀದಿ ಪ್ರಾಣಿಗಳಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿ, ಲಸಿಕೆ ಹಾಕ್ಸಿ, ವಾಪಸ್ ಅದೇ ಜಾಗಕ್ಕೆ ಬಿಡ್ಬೇಕು ಅಂತು (ನಾಯಿಗಳ ಮಟ್ಟಿಗೆ ಈ ನಿಯಮ 2024ರಲ್ಲಿ ಬದ್ಲಾಯ್ತು). 2004ರಲ್ಲೇ ಹುಟ್ಟಿದ ಗ್ಲೀ ಅನ್ನೋ ಬೆಕ್ಕು ಹಾಗಿಯಾ ಸೋಫಿಯಾದಲ್ಲೇ (ಮೊದ್ಲು ಚರ್ಚ್, ಆಮೇಲೆ ಮಸೀದಿ, ಆಗ ಮ್ಯೂಸಿಯಂ ಆಗಿದ್ದ ಹಳೇ ಕಟ್ಟಡ) ಬೆಳೀತು, 2009ರಲ್ಲಿ ಒಬಾಮಾ ಬಂದಾಗ ಅದ್ರ ತಲೆ ಸವರಿದ್ರು, 2020ರ ಜುಲೈನಲ್ಲಿ ಆ ಮ್ಯೂಸಿಯಂ ತಿರುಗಿ ಮಸೀದಿ ಆದಾಗ್ಲೂ ಅದನ್ನ ಯಾರೂ ಹೊರಗೆ ಹಾಕ್ಲಿಲ್ಲ, ಆ ವರ್ಷ ನವೆಂಬರ್‌ನಲ್ಲಿ ತೀರ್ಕೊಳ್ತು.

ಇನ್ನೊಂದು ಬೆಕ್ಕಿನ ಹೆಸ್ರು ತೊಂಬಿಲಿ, ಇಸ್ತಾಂಬುಲ್‌ನ ಕಾದಿಕೋಯ್ ಬಡಾವಣೆಯ ದಪ್ಪ ಬೀದಿ ಬೆಕ್ಕು. ಫುಟ್‌ಪಾತ್ ಮೆಟ್ಟಿಲಿಗೆ ಒಂದು ಮೊಣಕೈ ಊರಿ, ಊಟ ಮುಗಿಸಿ ಜಗಲಿ ಮೇಲೆ ಒರಗಿದ ಯಜಮಾನ್ರ ಥರ ಕೂರ್ತಿತ್ತು. 2016ರಲ್ಲಿ ಅದು ಸತ್ತಾಗ ಜನ ಸಹಿ ಸಂಗ್ರಹ ಮಾಡಿ ಕೇಳಿದ್ರು, ಅಕ್ಟೋಬರ್ 4ಕ್ಕೆ ಅದೇ ಮೆಟ್ಟಿಲ ಮೇಲೆ ಅದೇ ಭಂಗಿಯ ಕಂಚಿನ ಮೂರ್ತಿ ಕೂತಿತು. ನವೆಂಬರ್‌ನಲ್ಲಿ ಮೂರ್ತಿನ ಯಾರೋ ಕದ್ರು, ಜನ ಎಷ್ಟು ಗಲಾಟೆ ಮಾಡಿದ್ರು ಅಂದ್ರೆ ಎರಡೇ ದಿನದಲ್ಲಿ ಅದು ವಾಪಸ್ ಮೆಟ್ಟಿಲ ಮೇಲೆ ಇತ್ತು.