ಸಮುದ್ರಕ್ಕೂ ಟ್ಯಾಂಕರ್ ಬೇಕು

ನೌಕಾಪಡೆಗೆ ಐದು ಬೆಂಬಲ ಹಡಗು, ಅಂದರೆ ಕಡಲ ಟ್ಯಾಂಕರ್, ಕಟ್ಟುತ್ತಿರುವ ವಿಷಯ ಗುಬ್ಬಿಯ ಟೀ ಅಂಗಡಿಯಲ್ಲಿ ಬಂದಾಗ ಹಿರಿಯರೊಬ್ಬರು ಕೇಳಿದರು: ‘ಸಮುದ್ರದಲ್ಲಿ ನೀರಿಗೇನ್ ಬರವಾ ಸಾರ್? ಅಲ್ಲಿಗ್ಯಾಕೆ ಟ್ಯಾಂಕರು?’ ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವ ಸೀಮೆ ನಮ್ಮದು, ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ಯುದ್ಧನೌಕೆ ಬಂದರಿಗೆ ಮರಳದೆ ವಾರಗಟ್ಟಲೆ ನಡುಗಡಲಲ್ಲೇ ಉಳಿಯಬೇಕಾದರೆ ಇಂಧನ, ಕುಡಿಯುವ ನೀರು, ದಿನಸಿ, ಮದ್ದುಗುಂಡು ಎಲ್ಲವೂ ಅದು ಇದ್ದಲ್ಲಿಗೇ ಹೋಗಬೇಕು. ತುಂಬಿಸುವಾಗ ಎರಡೂ ಹಡಗು ನಿಲ್ಲುವುದಿಲ್ಲ. ಒಂದೇ ವೇಗದಲ್ಲಿ, ಕೆಲವೇ ಹತ್ತು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಸಾಗುತ್ತವೆ. ಮೊದಲು ಒಂದು ತೆಳು ದಾರವನ್ನು ಆಚೆ ಹಡಗಿಗೆ ಹಾರಿಸುತ್ತಾರೆ. ದಾರ ಎಳೆದರೆ ಹಗ್ಗ ಬರುತ್ತದೆ, ಹಗ್ಗ ಎಳೆದರೆ ಉಕ್ಕಿನ ಹುರಿ, ಆ ಹುರಿಗೆ ಜೋತುಬಿದ್ದು ದಪ್ಪನೆಯ ಪೈಪು. ಚುಕ್ಕಾಣಿ ಹಿಡಿದ ಕೈ ಕೊಂಚ ತಪ್ಪಿದರೂ ಪೈಪು ಕಿತ್ತುಹೋಗಬಹುದು, ಹಡಗಿಗೆ ಹಡಗೇ ತಾಗಬಹುದು.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಕ್ಷಿಪಣಿ ದೋಣಿಗಳ ಹೆಸರು ಕೇಳಿದವರಿದ್ದಾರೆ. ಅವು ದೂರದ ಓಟಕ್ಕೆ ಕಟ್ಟಿದ ದೋಣಿಗಳಲ್ಲ. ಆ ತಂಡದಲ್ಲಿ ಪೋಷಕ್ ಎಂಬ ಟ್ಯಾಂಕರೂ ಇತ್ತು. ಅದನ್ನು ನೆನೆಯುವವರು ಕಡಿಮೆ. ಹಡಗು ಖರೀದಿಯ ಪಟ್ಟಿಯಲ್ಲೂ ಇಂಥವಕ್ಕೆ ಸಿಕ್ಕಿದ್ದು ಕೊನೆಯ ಸಾಲೇ.

ಈ ಐದು ಹಡಗುಗಳ ಗುತ್ತಿಗೆ ಪಡೆದಿರುವುದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್. ಕಡಲಿಲ್ಲದ ತುಮಕೂರಿಗೂ ಅದಕ್ಕೂ ಒಂದು ಹಳೇ ನಂಟಿದೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆ ಎಚ್‌ಎಎಲ್‌ನದು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಆ ಎಚ್‌ಎಎಲ್ ಹುಟ್ಟುಹಾಕಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಆರೇ ತಿಂಗಳಿಗೆ, 1941ರ ಜೂನ್‌ನಲ್ಲಿ, ಅವರದೇ ಸಿಂಧಿಯಾ ಹಡಗು ಕಂಪನಿ ವಿಶಾಖಪಟ್ಟಣದಲ್ಲಿ ಈ ಹಡಗುಕಟ್ಟೆಗೆ ಅಡಿಗಲ್ಲು ಹಾಕಿಸಿತು. ಹಾಕಿದವರು ರಾಜೇಂದ್ರ ಪ್ರಸಾದ್. ಅಲ್ಲಿ ಕಟ್ಟಿದ ‘ಜಲ ಉಷಾ’ವನ್ನು 1948ರಲ್ಲಿ ನೆಹರೂ ನೀರಿಗಿಳಿಸಿದರು. ಒಬ್ಬನೇ ಯಜಮಾನನ ಎರಡು ಕೂಸು. ವಿಮಾನದ್ದು 1951ರಲ್ಲೇ ರಕ್ಷಣಾ ಸಚಿವಾಲಯದ ಅಡಿಗೆ ಬಂತು. ಹಡಗಿನದ್ದು ರಕ್ಷಣಾ ಸಚಿವಾಲಯದ ಮಡಿಲಿಗೆ ಬಂದದ್ದು 2010ರಲ್ಲಿ, ಅದೂ ನಷ್ಟದ ಭಾರ ಹೊತ್ತು.

ಅಷ್ಟರಲ್ಲಿ ನೌಕಾಪಡೆ ಟ್ಯಾಂಕರಿಗಾಗಿ ಊರೂರು ಸುತ್ತಿತ್ತು. ಮೊದಲ ‘ದೀಪಕ್’, ‘ಶಕ್ತಿ’ ಜರ್ಮನಿಯಲ್ಲಿ ಕಟ್ಟಿದವು. ‘ಜ್ಯೋತಿ’ 1996ರಲ್ಲಿ ರಷ್ಯಾದಿಂದ ಬಂತು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ಕಟ್ಟಿದ ‘ಆದಿತ್ಯ’ 1993ರಲ್ಲಿ ನೀರಿಗಿಳಿಯಿತು, ಸೇವೆಗೆ ಸೇರಿದ್ದು 2000ದಲ್ಲಿ. ಅದರ ಬೆನ್ನಿಗೆ ಇನ್ನೊಂದು ಟ್ಯಾಂಕರಿನ ಆರ್ಡರ್ ಬಂದಿದ್ದರೆ ಕಲಿತದ್ದು ಕೈಯಲ್ಲೇ ಉಳಿಯುತ್ತಿತ್ತು. ಬರಲಿಲ್ಲ. 2011ರಲ್ಲಿ ಹೊಸ ‘ದೀಪಕ್’, ‘ಶಕ್ತಿ’ಗಳನ್ನು ಇಟಲಿಯ ಫಿನ್‌ಕಾಂಟಿಯೇರಿ ಕಂಪನಿಯಿಂದ ತಂದದ್ದಾಯಿತು. ಅವುಗಳ ಉಕ್ಕಿನ ದರ್ಜೆಯ ಬಗ್ಗೆ ಸಿಎಜಿ ತಕರಾರು ತೆಗೆದದ್ದು ಬೇರೆ ಮಾತು. ಅದೇ ಹೊತ್ತಿಗೆ ಕೊಚ್ಚಿಯಲ್ಲಿ ವಿಮಾನವಾಹಕ ನೌಕೆ ಕಟ್ಟುತ್ತಿದ್ದ ದೇಶ ನಮ್ಮದು! ಟ್ಯಾಂಕರ್ ಕಟ್ಟುವ ವಿದ್ಯೆ ನಮಗೆ ಬಾರದೆ ಹೀಗಾಯಿತು ಎಂದು ನಾನಂತೂ ಒಪ್ಪುವುದಿಲ್ಲ.

ಹಾಗೆಂದು ಹಡಗುಕಟ್ಟೆಯವರದು ತಪ್ಪೇ ಇಲ್ಲ ಎನ್ನುವಂತಿಲ್ಲ. ‘ಸಿಂಧುಕೀರ್ತಿ’ ಜಲಾಂತರ್ಗಾಮಿ ರಿಪೇರಿಗೆಂದು 2006ರಲ್ಲಿ ವಿಶಾಖಪಟ್ಟಣದ ಯಾರ್ಡ್ ಸೇರಿ ಹೊರಬಂದದ್ದು 2015ರಲ್ಲಿ. ಇಂಥ ದಾಖಲೆ ಎದುರಿಗಿದ್ದಾಗ ದೊಡ್ಡ ಗುತ್ತಿಗೆ ಕೊಡಲು ದೆಹಲಿ ಹಿಂದೆಮುಂದೆ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ದಕ್ಷಿಣ ಕೊರಿಯಾದ ಹ್ಯುಂಡೈ ಜೊತೆ ಮಾತುಕತೆ ನಡೆದು ಮುರಿಯಿತು. ಆಮೇಲೆ ಟರ್ಕಿಯ ಕಂಪನಿಗಳ ಕೂಟವೊಂದು ವಿನ್ಯಾಸ ಕೊಡುವುದೆಂದಾಯಿತು. ಟರ್ಕಿ–ಪಾಕಿಸ್ತಾನದ ಸ್ನೇಹದ ನಡುವೆ ಅದೂ ಉಳಿಯಲಿಲ್ಲ.

ಕೊನೆಗೆ 2023ರ ಆಗಸ್ಟ್ 25ರಂದು ರುಜು ಬಿತ್ತು: ಐದು ಹಡಗು, ಸುಮಾರು 19,000 ಕೋಟಿ ರೂಪಾಯಿ, ಎಂಟು ವರ್ಷ. ಒಂದೊಂದೂ 44,000 ಟನ್, ಅಂದರೆ ಹೆಚ್ಚುಕಡಿಮೆ ವಿಮಾನವಾಹಕ ನೌಕೆ ‘ವಿಕ್ರಾಂತ್’ನಷ್ಟೇ ತೂಕ. 2024ರ ಏಪ್ರಿಲ್ 10ರಂದು ಮೊದಲನೆಯದಕ್ಕೆ ಉಕ್ಕು ಕತ್ತರಿಸುವ ಕೆಲಸ ಶುರುವಾಯಿತು. ಐದರ ಭಾರ ಒಂದೇ ಹೆಗಲಿಗೆ ಬೀಳಬಾರದೆಂದು ಎರಡನ್ನು ಎಲ್ ಅಂಡ್ ಟಿಗೆ ವಹಿಸಲಾಗಿದೆ. ಅವು ಚೆನ್ನೈ ಬಳಿಯ ಕಾಟ್ಟುಪಳ್ಳಿಯಲ್ಲಿ ಏಳುತ್ತವೆ.

ಮೊದಲ ಹಡಗು ಒಪ್ಪಿಸಲು ಗೊತ್ತಾದ ವರ್ಷ 2027. ಅಲ್ಲಿಯವರೆಗೆ ಎರಡೂ ಕರಾವಳಿಗೆ ಇರುವುದು ದೀಪಕ್, ಶಕ್ತಿ, ಆದಿತ್ಯ ಮತ್ತು ಮೂವತ್ತರ ಆಸುಪಾಸಿನ ಜ್ಯೋತಿ.